ಪುಟ್ಟಿಯ ಪಾಲು

ಪುಟ್ಟಿ ಸತ್ತು ಹದಿನೆಂಟು ವರ್ಷವಾಗಿತ್ತು. ಆದರೂ ಮೂರು ತಿಂಗಳಿಂದ ಅವಳು ಆ ಮನೆಯಲ್ಲಿ ದಿನಾ ಸಾಯುತ್ತಿದ್ದಳು, ಅದೂ ಹೆಚ್ಚಾಗಿ ಬೆಳಗಿನ ತಿಂಡಿಯ ಹೊತ್ತಿಗೆ.

"ಪುಟ್ಟಿ ಎಲ್ಲಿ? ಅವಳಿಗೆ ತಿಂಡಿ ಬೇಡವಾ?" ಎಂದು ಅಜ್ಜಿ ತಟ್ಟೆಯ ಮುಂದೆ ಕೂತು ಕೇಳುತ್ತಿದ್ದಳು.

ಸೊಸೆ ಒಲೆಯ ಕಡೆಗೆ ತಿರುಗಿಕೊಳ್ಳುತ್ತಿದ್ದಳು. ಮೊಮ್ಮಗಳು ಗುಬ್ಬಿ ಟೀ ಲೋಟದೊಳಗೆ ಮುಖ ಹುದುಗಿಸುತ್ತಿದ್ದಳು. ಮಗ ಮಾತ್ರ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ, ಕುರ್ಚಿಯನ್ನು ತಾಯಿಯ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದ.

"ಪುಟ್ಟಿ ಇಲ್ಲಮ್ಮ. ತೀರಿಹೋಗಿ ಹದಿನೆಂಟು ವರ್ಷ ಆಯ್ತು."

"ತೀರಿಹೋದಳಾ? ನನಗ್ಯಾಕೆ ಯಾರೂ ಹೇಳಲಿಲ್ಲ?"

"ಕರೆಂಟ್ ಹೊಡೀತಮ್ಮ. ನೀರು ಕಾಯಿಸೋ ಕಾಯಿಲ್‌ನಿಂದ."

"ಆ ಕಾಯಿಲ್ ರಿಪೇರಿ ಮಾಡಿದ್ದು ಯಾರು?"

"ನಾನೇ."

ಆಮೇಲೆ ಏನಾಗುತ್ತದೆ ಎಂಬುದು ಪಕ್ಕದ ಮನೆಯವರಿಗೂ ಬಾಯಿಪಾಠವಾಗಿತ್ತು. ಅಜ್ಜಿ ತಟ್ಟೆಯನ್ನು ದೂರ ತಳ್ಳುತ್ತಿದ್ದಳು. ಈಗಷ್ಟೇ ಸುದ್ದಿ ಬಂದವಳ ಹಾಗೆ ಅಳುತ್ತಿದ್ದಳು. ಅವಳ ಪಾಲಿಗೆ ಸುದ್ದಿ ಬಂದದ್ದು ಈಗಲೇ. ಮಗ ಅವಳ ಮೊಣಕಾಲ ಬಳಿ ನೆಲದ ಮೇಲೆ ಕೂತು, "ನನ್ನ ಕ್ಷಮಿಸಮ್ಮ" ಎನ್ನುತ್ತಿದ್ದ. ಕೆಲವು ದಿನ ಅವಳು ಅತ್ತು ಸುಸ್ತಾಗಿ, ಅವನ ತಲೆ ಮುಟ್ಟಿ, "ಹೋಗು, ಕೆಲಸಕ್ಕೆ ಹೊತ್ತಾಯ್ತು" ಎನ್ನುತ್ತಿದ್ದಳು. ಅಂಥ ದಿನ ಅವನು ಹಗುರಾಗಿ ಸ್ಕೂಟರ್ ಹತ್ತುತ್ತಿದ್ದ. ಹೆಚ್ಚಿನ ದಿನ, "ಕೊಂದವನು ನೀನು, ನನ್ನ ಕಣ್ಣೆದುರು ನಿಲ್ಲಬೇಡ" ಎಂದು ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದಳು. ಅಂಥ ದಿನ ಅವನು ತಿಂಡಿ ಬಿಟ್ಟು ಹೋಗುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅಜ್ಜಿಗೆ ಮಗಳು ಸತ್ತದ್ದೂ ಮರೆತಿರುತ್ತಿತ್ತು, ಮಗನನ್ನು ಬೈದದ್ದೂ ಮರೆತಿರುತ್ತಿತ್ತು. ಮರುದಿನ ಮತ್ತೆ ಮೊದಲಿನಿಂದ ಶುರು.

ಅವನು ಎಲೆಕ್ಟ್ರಿಷಿಯನ್. ಬೀದಿಯವರು ಇಟ್ಟ ಹೆಸರು ಅರ್ತಣ್ಣ. ಅರ್ತ್ ಇಲ್ಲದ ಪ್ಲಗ್ಗು ಕಂಡರೆ ಅವನು ಕೆಲಸ ಮುಟ್ಟುತ್ತಿರಲಿಲ್ಲ. ಫ್ಯಾನ್ ತಿರುಗುತ್ತಿಲ್ಲವೆಂದು ಕರೆದರೆ ಮೊದಲು ಮನೆಯ ಹಿಂದೆ ಹೋಗಿ ಅರ್ತಿಂಗ್ ಗುಂಡಿ ಎಲ್ಲಿದೆ ಎಂದು ಹುಡುಕುತ್ತಿದ್ದ. ಇಲ್ಲದಿದ್ದರೆ ತಾನೇ ಹಾರೆ ಹಿಡಿದು ಅಗೆಯಲು ನಿಲ್ಲುತ್ತಿದ್ದ. "ಬಲ್ಬ್ ಹಾಕೋ ಮಾರಾಯ ಅಂದ್ರೆ ಬಾವಿ ತೋಡ್ತಾನೆ" ಎಂದು ಜನ ನಗುತ್ತಿದ್ದರು. ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆ ಅವನ ಮನೆಯಲ್ಲಿ ಒಮ್ಮೆ ನಿಜವಾದದ್ದು ಹಳಬರಿಗೆ ಗೊತ್ತಿತ್ತು. ಅವರು ನಗುತ್ತಿರಲಿಲ್ಲ.

ಆಗ ಗುಬ್ಬಿ ಮೂರು ತಿಂಗಳ ಕೂಸು. ಕಾಯಿಲ್‌ನ ವೈರನ್ನು ಇಲಿ ಕಡಿದಿತ್ತು. ಅವನು ಹೊಸ ವೈರ್ ಹಾಕಿದ, ಆದರೆ ಕೈಚೀಲದಲ್ಲಿ ಇದ್ದದ್ದು ಎರಡು ಪಿನ್ನಿನ ಪ್ಲಗ್ಗು. ಕೆಂಪು ವೈರ್ ಒಂದು ಪಿನ್ನಿಗೆ, ಕಪ್ಪು ಇನ್ನೊಂದಕ್ಕೆ. ಉಳಿದ ಹಸಿರು ವೈರನ್ನು ಹಿಂದಕ್ಕೆ ಮಡಚಿ ಟೇಪು ಸುತ್ತಿದ. ಹಸಿರು ಎಂದರೆ ಅರ್ತು, ಕರೆಂಟು ದಾರಿ ತಪ್ಪಿದರೆ ಅದನ್ನು ನೆಲಕ್ಕೆ ಇಳಿಸುವ ವೈರು. "ನಾಳೆ ಮೂರು ಪಿನ್ನಿನದು ತಂದು ಹಾಕ್ತೀನಿ" ಎಂದ. ಊರವರ ಮನೆಗೆಲ್ಲ ಓಡಾಡುವವನಿಗೆ ತನ್ನ ಮನೆಯ ನಾಳೆ ಒಂಬತ್ತು ದಿನವಾದರೂ ಬರಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಅವನ ತಂಗಿ ಪುಟ್ಟಿ, ನರ್ಸಿಂಗ್ ಓದುತ್ತಿದ್ದ ಹತ್ತೊಂಬತ್ತು ವರ್ಷದ ಹುಡುಗಿ, ಬಿಳಿ ಯೂನಿಫಾರ್ಮಿನಲ್ಲೇ ಬಚ್ಚಲಿಗೆ ಹೋಗಿ ಕಾಯಿಲ್ ಇಳಿಬಿಟ್ಟಿದ್ದ ಕಬ್ಬಿಣದ ಬಕೆಟ್ಟನ್ನು ಮುಟ್ಟಿದಳು.

ತಾಯಿ ಅವನನ್ನು ಮನೆಯಿಂದ ಹೊರಗೆ ಹಾಕಲಿಲ್ಲ. ಅನ್ನ ಬಡಿಸಿದಳು, ಬಟ್ಟೆ ಒಗೆದಳು, ಜ್ವರ ಬಂದಾಗ ಗಂಜಿ ಕಾಯಿಸಿ ಪಕ್ಕದಲ್ಲಿಟ್ಟಳು. ಮಾತು ಮಾತ್ರ ಆಡಲಿಲ್ಲ. ಅವರ ಚರ್ಚಿನ ಸಭೆಯಲ್ಲಿ ಒಂದು ಪದ್ಧತಿ ಇತ್ತು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನವೆಂದು ಎಲ್ಲರಿಗೂ ಹಂಚುವ ರೊಟ್ಟಿ ತೆಗೆದುಕೊಳ್ಳುವ ಮುಂಚೆ ಅಕ್ಕಪಕ್ಕದವರ ಕೈ ಹಿಡಿದು "ಸಮಾಧಾನ" ಎನ್ನಬೇಕು. ಯಾರ ಜೊತೆಗಾದರೂ ಜಗಳವಿದ್ದರೆ ಮೊದಲು ಅದನ್ನು ಮುಗಿಸಬೇಕು, ಆಮೇಲೆ ರೊಟ್ಟಿ. ಹತ್ತು ವರ್ಷ ಅಮ್ಮ ಬೆಂಚಿನ ಮೇಲೆ ಎಡಕ್ಕೆ ತಿರುಗಿ ಅಲ್ಲಿ ಕೂತವರ ಕೈ ಹಿಡಿದಳು. ಬಲಕ್ಕೆ ಕೂತ ಮಗನ ಕಡೆ ತಿರುಗಲಿಲ್ಲ. ಹಾಗಾಗಿ ಅವಳೂ ರೊಟ್ಟಿ ಮುಟ್ಟಲಿಲ್ಲ, ಅವನೂ ಮುಟ್ಟಲಿಲ್ಲ. ರೊಟ್ಟಿಯ ತಟ್ಟೆ ಇಬ್ಬರನ್ನೂ ದಾಟಿ ಹೋಗುತ್ತಿತ್ತು. ಹನ್ನೊಂದನೆಯ ವರ್ಷದ ಒಂದು ಭಾನುವಾರ ಅವಳು ಬಲಕ್ಕೆ ತಿರುಗಿದಳು. ಅವನ ಕೈ ಹಿಡಿದು, "ನಿನ್ನ ಮೇಲೆ ನನಗೇನೂ ಇಲ್ಲ ಕಣೋ" ಎಂದಳು. ಯಾಕೆ ಅಂದೇ, ಯಾಕೆ ಹಿಂದಿನ ತಿಂಗಳಲ್ಲ ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅನಂತರದ ಏಳು ವರ್ಷ ಅವನು ಬದುಕಿದ್ದು ಆ ಒಂದು ಮಾತಿನ ಮೇಲೆ.

ಈಗ ಅಜ್ಜಿಯ ನೆನಪು ಈಚೆಯ ತುದಿಯಿಂದ ಹಿಂದಕ್ಕೆ ಸವೆಯುತ್ತಾ ಹೋಗುತ್ತಿತ್ತು. ಮೊದಲು ಹೋದದ್ದು ಆ ಭಾನುವಾರ. ಆಮೇಲೆ ಸಾವೂ ಹೋಯಿತು.

"ಡ್ಯೂಟಿಗೆ ಹೋಗಿದ್ದಾಳೆ ಅಂದ್ರೆ ಮುಗೀತಲ್ಲ" ಎಂದು ಸೊಸೆ ಒಂದು ಬೆಳಿಗ್ಗೆ ಪಾತ್ರೆ ಉಜ್ಜುತ್ತಾ ಗಂಡನಿಗೆ ಹೇಳಿದಳು. ಅವಳು ಔಷಧಿ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುವವಳು. ದಿನವಿಡೀ ನಿಂತು ನಿಂತು ಕಾಲು ಊದುತ್ತಿದ್ದವು, ಮಾತು ಚಿಕ್ಕದಾಗುತ್ತಿತ್ತು.

"ಹೆತ್ತ ತಾಯಿ ಹತ್ರ ಸುಳ್ಳು ಹೇಳಲಾ?"

"ನಿಜ ಹೇಳಿ ಏನು ಸಾಧಿಸಿದ್ರಿ? ಇವತ್ತೂ ಗಂಜಿ ಮುಟ್ಟಲಿಲ್ಲ ಅವರು."

"ಹೇಳ್ತಾ ಇದ್ರೆ ಒಂದು ದಿನ ನೆನಪು ನಿಲ್ಲುತ್ತೆ."

"ಯಾವುದು ನಿಲ್ಲಬೇಕು ನಿಮಗೆ? ಪುಟ್ಟಿ ಸತ್ತದ್ದಾ, ನಿಮ್ಮನ್ನ ಕ್ಷಮಿಸಿದ್ದಾ?"

ಅವನು ಟೆಸ್ಟರನ್ನು ಜೇಬಿಗೆ ಸಿಕ್ಕಿಸಿಕೊಂಡು ಹೊರಟುಹೋದ. 

ಆ ವಾರ ಪಾಸ್ಟರು ಬಂದರು. ಅಜ್ಜಿಯನ್ನು ನೋಡಲೆಂದು ಹೇಳಿದರೂ, ಸಭೆಯ ಮೈಕು ಗುಂಯ್ ಎನ್ನುತ್ತಿದ್ದದ್ದೂ ಮನಸ್ಸಿನಲ್ಲಿತ್ತು. ಇನ್ನೂ ಮೂವತ್ತು ದಾಟದ ಮನುಷ್ಯ. ಒಳ್ಳೆಯವರು, ಆದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವ ಅಭ್ಯಾಸ. ಅರ್ತಣ್ಣ ಅಂಗಳದಲ್ಲಿ ಮೈಕ್ ಸೆಟ್ಟಿನ ಹೊಟ್ಟೆ ಬಿಚ್ಚುತ್ತಾ ನೇರವಾಗಿಯೇ ಕೇಳಿದ.

"ಪಾಸ್ಟರೇ, ಕೊಟ್ಟವರಿಗೇ ಮರೆತುಹೋದ್ರೆ ಕ್ಷಮೆ ಇದೆಯೋ ಇಲ್ಲವೋ?"

"ದೇವರ ಕೃಪೆ ನಮ್ಮ ನೆನಪಿನ ಮೇಲೆ ನಿಂತಿಲ್ಲ ಅಣ್ಣ."

"ದೇವರದ್ದು ಬಿಡಿ. ನಾನು ಕೇಳ್ತಿರೋದು ಅಮ್ಮಂದು."

ಪಾಸ್ಟರು ಟೀ ಊದಿದರು. ಆಮೇಲೆ ಮೈಕ್ ಸೆಟ್ಟಿನಿಂದ ಇಳಿದ ಹಸಿರು ವೈರನ್ನು ನೋಡಿ ಮುಖ ಅರಳಿಸಿದರು. "ಈ ಅರ್ತಿನಲ್ಲಿ ಇಳಿದ ಕರೆಂಟು ಎಲ್ಲಿಗೆ ಹೋಗುತ್ತೆ?"

"ನೆಲಕ್ಕೆ."

"ಎಷ್ಟು ತಗೊಳುತ್ತೆ ನೆಲ?"

"ಎಷ್ಟು ಬಂದರೂ ತಗೊಳುತ್ತೆ."

"ನೋಡಿ ಮತ್ತೆ. ಅಮ್ಮ ಅವತ್ತು ನಿಮ್ಮ ಕೈ ಹಿಡಿದಾಗ ನಿಮ್ಮ ತಪ್ಪು ನೆಲಕ್ಕೆ ಇಳಿದು ಹೋಯ್ತು. ಈಗ ಅಮ್ಮನ ತಲೆ ಒಳಗೆ ಹುಡುಕಿದ್ರೆ ಹೇಗೆ ಸಿಗುತ್ತೆ?"

ಅರ್ತಣ್ಣ ಸ್ಕ್ರೂ ಡ್ರೈವರ್ ಕೆಳಗಿಟ್ಟ. "ವೈರ್ ಜೋಡಿಸಿದ್ರೆ ನೆಲ ತಗೊಳುತ್ತೆ ಪಾಸ್ಟರೇ. ನಾನು ಜೋಡಿಸಿರಲಿಲ್ಲ."

ಪಾಸ್ಟರು ಲೋಟ ಎತ್ತಿಕೊಂಡರು. ಆರಿದ ಟೀಯನ್ನೇ ಕುಡಿದರು. ಹೊರಡುವಾಗ ಅರ್ತಣ್ಣ ಮೈಕ್ ಸೆಟ್ಟನ್ನು ಅವರ ಕೈಗೆ ಕೊಟ್ಟು, "ಇದನ್ನ ಭಾನುವಾರದ ಪ್ರಸಂಗದಲ್ಲಿ ಹೇಳ್ಬೇಡಿ" ಎಂದ. ಪಾಸ್ಟರ ಕಿವಿ ಕೆಂಪಾದವು, ಯಾಕೆಂದರೆ ಅವರು ಅದನ್ನೇ ಯೋಚಿಸುತ್ತಿದ್ದರು.

ಗುಬ್ಬಿ ಆ ವರ್ಷವೇ ನರ್ಸಿಂಗ್ ಸೇರಿದ್ದಳು. ಸೇರಬೇಡ ಎಂದು ಯಾರೂ ಹೇಳಲಿಲ್ಲ, ಸೇರು ಎಂದೂ ಹೇಳಲಿಲ್ಲ. ದರ್ಜಿಯಿಂದ ಯೂನಿಫಾರ್ಮ್ ಬಂದ ಮಧ್ಯಾಹ್ನ ಅಳತೆ ಸರಿಯಿದೆಯೇ ಎಂದು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದಳು. ಹಿಂದಿನಿಂದ ಅಜ್ಜಿಯ ಸ್ವರ ಬಂತು.

"ಬಂದೆಯಾ ಪುಟ್ಟಿ? ಇಷ್ಟೊತ್ತು ಮಾಡೋದಾ?"

ಗುಬ್ಬಿ ತಿರುಗಿದಳು. ಅಜ್ಜಿಯ ಮುಖ ಅಷ್ಟು ಬೆಳಕಾಗಿದ್ದನ್ನು ಅವಳು ನೋಡಿ ವರ್ಷವಾಗಿತ್ತು. "ಬಸ್ಸು ಲೇಟಾಯ್ತಮ್ಮ" ಎಂದುಬಿಟ್ಟಳು.

ಅಜ್ಜಿ ಆ ದಿನ ಎರಡು ಸಲ ಅನ್ನ ಹಾಕಿಸಿಕೊಂಡಳು. ಅನ್ನ, ಬೇಳೆ, ಬೇಯಿಸಿದ ಮೊಟ್ಟೆ, ಎಲ್ಲ. ಗುಬ್ಬಿ ಮರುದಿನವೂ ಕಾಲೇಜಿಂದ ಬಂದು ಯೂನಿಫಾರ್ಮ್ ಬಿಚ್ಚದೆ ಅಜ್ಜಿಯ ಮುಂದೆ ಕೂತಳು. ಅಜ್ಜಿ ಅವಳ ತಲೆ ಬಾಚಿದಳು. ವಾರ್ಡಿನ ಕಥೆ ಕೇಳಿದಳು. ಹುಡುಗರು ಯಾರಾದರೂ ಹಿಂದೆ ಬಿದ್ದಿದ್ದಾರಾ ಎಂದು ಗುಟ್ಟಿನಲ್ಲಿ ವಿಚಾರಿಸಿದಳು. ಸೊಸೆಗೆ ಗೊತ್ತಾದರೂ ಸುಮ್ಮನಿದ್ದಳು. ಹೀಗೆ ಎಂಟು ದಿನ ಮನೆಯಲ್ಲಿ ಮಧ್ಯಾಹ್ನವಾದರೂ ನಗು ಇತ್ತು.

ಒಂಬತ್ತನೆಯ ದಿನ ಅರ್ತಣ್ಣ ಮರೆತುಹೋದ ಏಣಿಯನ್ನು ತೆಗೆದುಕೊಂಡು ಹೋಗಲು ನಡುಮಧ್ಯಾಹ್ನ ಮನೆಗೆ ಬಂದ. ಬಾಗಿಲಲ್ಲಿ ನಿಂತ. ಬಿಳಿ ಯೂನಿಫಾರ್ಮಿನ ಬೆನ್ನು, ಬಿಚ್ಚಿದ ಕೂದಲು, ಹಿಂದೆ ಬಾಚಣಿಗೆ ಹಿಡಿದ ತಾಯಿ. 

"ಏನು ನಡೀತಿದೆ ಇಲ್ಲಿ?"

"ಅಪ್ಪ, ಸುಮ್ನಿರು" ಎಂದು ಗುಬ್ಬಿ ಕಣ್ಣಿನಲ್ಲೇ ಬೇಡಿಕೊಂಡಳು.

"ನೋಡೋ, ಪುಟ್ಟಿ ಬಂದಿದ್ದಾಳೆ" ಎಂದಳು ಅಜ್ಜಿ. "ನೀನು ಏನೇನೋ ಹೇಳಿ ಹೆದರಿಸ್ತೀಯ."

ಅವನು ಸುಮ್ಮನೆ ಏಣಿ ತೆಗೆದುಕೊಂಡು ಹೋಗಬಹುದಿತ್ತು. ಹೋಗಲಿಲ್ಲ. "ಅವಳು ಪುಟ್ಟಿ ಅಲ್ಲಮ್ಮ. ನನ್ನ ಮಗಳು, ಗುಬ್ಬಿ. ಪುಟ್ಟಿ ಸತ್ತಿದ್ದಾಳೆ. ನಾನು ಮಾಡಿದ ತಪ್ಪಿಂದ ಸತ್ತಿದ್ದಾಳೆ." ಎಲ್ಲವನ್ನೂ ಮತ್ತೆ ಹೇಳಿದ, ವೈರು, ಟೇಪು, ಬಕೆಟ್ಟು. ಅಜ್ಜಿ ಗುಬ್ಬಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಬಾಚಣಿಗೆ ನೆಲಕ್ಕೆ ಬಿತ್ತು. ಈ ಸಲ ಅವಳು ಅಳಲಿಲ್ಲ, ಬೈಯಲೂ ಇಲ್ಲ. ಹಾಸಿಗೆಗೆ ಹೋಗಿ ಮಲಗಿದಳು, ಮೂರು ದಿನ ಬಾಯಿ ತೆರೆಯಲಿಲ್ಲ. ಸುದ್ದಿ ಎಂದಿನಂತೆ ಮರೆತಿರಬಹುದು, ಆದರೆ ದುಃಖ ಮಾತ್ರ ಹೆಸರಿಲ್ಲದೆ ಮೈಯಲ್ಲಿ ಉಳಿದುಬಿಟ್ಟಿತ್ತು. ಹಾಲು ಕುಡಿಸಿದರೆ ತುಟಿಯ ಅಂಚಿನಿಂದ ಇಳಿಯುತ್ತಿತ್ತು. ನಾಲ್ಕನೆಯ ದಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಡ್ರಿಪ್ ಹಾಕಿಸಬೇಕಾಯಿತು. ನರ್ಸು ರಕ್ತನಾಳ ಸಿಗದೆ ಐದು ಕಡೆ ಚುಚ್ಚಿದಳು.

ಮಾವನಿಲ್ಲದ ಮನೆಯಲ್ಲಿ ಅತ್ತೆ ಸೊಸೆ ಇಪ್ಪತ್ತು ವರ್ಷ ಒಂದೇ ಒಲೆಯ ಮುಂದೆ ನಿಂತವರು. ಅತ್ತೆಯ ಕೈಯಲ್ಲಿ ಚುಚ್ಚಿದ ಕಡೆಯೆಲ್ಲ ಅಂಟಿಸಿದ್ದ ಹತ್ತಿಯನ್ನು ನೋಡಿ ಸೊಸೆಗೆ ತಡೆಯಲಾಗಲಿಲ್ಲ. ಮನೆಗೆ ಬಂದ ಮಧ್ಯಾಹ್ನ, ತಾರಸಿಯ ಮೇಲೆ ಗಂಡ ಹೆಂಡತಿ ಒಣಗಿದ ಹೊದಿಕೆಯ ಎರಡು ತುದಿ ಹಿಡಿದು ಮಡಚುತ್ತಿದ್ದಾಗ ಮಾತು ಹೊರಗೆ ಬಂತು.

"ನೀವು ಅವರಿಗೋಸ್ಕರ ನಿಜ ಹೇಳ್ತಿಲ್ಲ. ನಿಮಗೋಸ್ಕರ ಹೇಳ್ತಿದ್ದೀರಿ. ಕ್ಷಮಿಸಿದೆ ಅನ್ನೋ ಒಂದು ಮಾತಿಗಾಗಿ ದಿನಾ ಮಗಳ ಹೆಣ ತಂದು ಅವರ ಮುಂದೆ ಮಲಗಿಸ್ತೀರಿ."

"ನನ್ನ ಹೊಟ್ಟೆ ಉರಿ ನಿನಗೇನು ಗೊತ್ತು?"

"ನನಗೆ ಗೊತ್ತಿಲ್ವಾ?" ಅವಳು ಹೊದಿಕೆಯ ತುದಿಯನ್ನು ಬಿಟ್ಟಳು. "ಅವತ್ತು ಪುಟ್ಟಿ ಕಾಲೇಜಿಗೆ ಹೊರಟು ಬಾಗಿಲಲ್ಲಿ ಚಪ್ಪಲಿ ಹಾಕ್ಕೊಂಡಿದ್ದಳು. ಮಗು ಅಳ್ತಿತ್ತು. ಒಂದು ನಿಮಿಷ, ಗುಬ್ಬಿ ಸ್ನಾನಕ್ಕೆ ನೀರು ಕಾದಿದೆಯಾ ನೋಡಿ ಹೋಗೇ ಅಂದೋಳು ನಾನು. ಚಪ್ಪಲಿ ಬಿಚ್ಚಿಟ್ಟು ಒಳಗೆ ಹೋದಳು."

ಬರಿಗಾಲಲ್ಲಿ. ಹಸಿ ನೆಲದ ಮೇಲೆ. ಅದರ ಅರ್ಥ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಹತ್ತು ವರ್ಷ ಅತ್ತೆಯಿಂದ ನಿಮಗೆ ಸಿಕ್ಕಿದ್ದನ್ನ ನೋಡ್ತಿದ್ದೆನಲ್ಲ."

 ಅವನು ಹೊದಿಕೆಯನ್ನು ಒಬ್ಬನೇ ಹೇಗೋ ಸುತ್ತಿ, ಮೆಟ್ಟಿಲು ಇಳಿದು ಹೋದ. ಮೆಟ್ಟಿಲ ಮೇಲೆ ಗುಬ್ಬಿ ಬಟ್ಟೆಯ ಕ್ಲಿಪ್ಪುಗಳ ಡಬ್ಬಿ ಹಿಡಿದು ನಿಂತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು.

ಆಮೇಲೆ ಒಂದು ವಾರ ಅರ್ತಣ್ಣ ಹೆಂಡತಿಯ ಜೊತೆ ಮಾತಾಡಲಿಲ್ಲ. ಅವನಿಗೇ ಆಶ್ಚರ್ಯವಾಗುವಷ್ಟು ಸಿಟ್ಟು ಬಂದಿತ್ತು. ಹದಿನೆಂಟು ವರ್ಷ ತಾನೊಬ್ಬನೇ ಹೊತ್ತದ್ದಕ್ಕೆ ಪಾಲುದಾರರಿದ್ದರೂ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದರಲ್ಲ ಎಂಬ ಸಿಟ್ಟು. ಅವಳು ಬಡಿಸಿದ್ದನ್ನು ಉಂಡ, ತೊಳೆದ ಅಂಗಿ ತೊಟ್ಟ. ಟೇಬಲ್ಲಿನ ಮೇಲೆ ಉಪ್ಪು ಬೇಕಾದರೆ ಮಗಳ ಹತ್ತಿರ ಕೇಳಿದ. ಎಂಟನೆಯ ಬೆಳಿಗ್ಗೆ ಗುಬ್ಬಿ ಉಪ್ಪಿನ ಡಬ್ಬಿಯನ್ನು ಹಿಡಿದುಕೊಂಡು ಕೊಡದೇ ಕೂತಳು.

"ಅಪ್ಪ, ಒಂದು ಮಾತು ಕೇಳ್ಲಾ?"

"ಉಪ್ಪು ಕೊಡು ಮೊದಲು."

"ನೀರು ಕಾಯಿಸಿದ್ದು ನನಗೆ ಅಲ್ವಾ? ಅಳ್ತಿದ್ದೋಳು ನಾನೇ. ಹಾಗಾದ್ರೆ ನಾನೂ ಕ್ಷಮೆ ಕೇಳ್ಬೇಕಾ? ಯಾರ ಹತ್ರ ಕೇಳ್ಲಿ?"

"ಹುಚ್ಚಿ. ಮೂರು ತಿಂಗಳ ಕೂಸು ನೀನು. ನಿನ್ನದೇನು ತಪ್ಪು?"

"ಇಷ್ಟು ಬೇಗ ಹೇಳಿಬಿಟ್ಟೆಯಲ್ಲ" ಎಂದಳು ಗುಬ್ಬಿ. "ಅಮ್ಮಂಗೆ ಹೇಳೋಕೆ ಇನ್ನೆಷ್ಟು ವರ್ಷ ಬೇಕು? ಹತ್ತಾ?" ಉಪ್ಪಿನ ಡಬ್ಬಿಯನ್ನು ಅವನ ಮುಂದೆ ಇಟ್ಟು ಬ್ಯಾಗ್ ಹೆಗಲಿಗೇರಿಸಿಕೊಂಡು ಹೋದಳು.

ಅಜ್ಜಿ ಆ ಹೊತ್ತಿಗೆ ಮತ್ತೆ ಎದ್ದು ಕೂರುವಷ್ಟಾಗಿದ್ದಳು. ಗೋಡೆ ಹಿಡಿದು ಬಂದು ತನ್ನ ಕುರ್ಚಿಯಲ್ಲಿ ಕೂತು, "ಪುಟ್ಟಿ ಎಲ್ಲಿ?" ಎಂದಳು.

ಒಲೆಯ ಮುಂದೆ ಸೊಸೆಯ ಕೈ ನಿಂತಿತು.

"ಡ್ಯೂಟಿಗೆ ಹೋಗಿದ್ದಾಳಮ್ಮ" ಎಂದ ಅರ್ತಣ್ಣ.

 ಹೇಳುವವರೆಗೆ ಅವನಿಗೆ ಗೊತ್ತಿರಲಿಲ್ಲ, ಆ ಸುಳ್ಳಿನ ಜೊತೆಗೆ ತನ್ನ ದಿನದ ಆಸೆಯೂ ಹೋಗುತ್ತದೆಂದು. ಇನ್ನು ಯಾವ ಬೆಳಿಗ್ಗೆಯೂ ಆ ಕೈ ಅವನ ತಲೆ ಮುಟ್ಟಿ ಹೋಗು ಎನ್ನುವುದಿಲ್ಲ. ತಪ್ಪು ಗೊತ್ತಿಲ್ಲದವಳು ಕ್ಷಮಿಸುವುದು ಹೇಗೆ. ಅಜ್ಜಿ ಮಾತ್ರ ತಲೆಯಾಡಿಸಿ, ಬ್ರೆಡ್ಡನ್ನು ಹಾಲಿಗೆ ಅದ್ದಿ ಪೂರ್ತಿ ತಿಂದಳು.

ಅಂದಿನಿಂದ ಅವಳು ಹೊಸದೊಂದು ಹಟ ಹಿಡಿದಳು. ಊಟಕ್ಕೆ ಕೂತಾಗಲೆಲ್ಲ, "ಪುಟ್ಟಿಗೆ ತೆಗೆದಿಡು. ದಣಿದು ಬರ್ತಾಳೆ" ಎನ್ನುತ್ತಿದ್ದಳು. ತೆಗೆದಿಡುವವರೆಗೆ ತಾನು ತುತ್ತು ಎತ್ತುತ್ತಿರಲಿಲ್ಲ. ಸೊಸೆ ಒಂದು ತಟ್ಟೆಯಲ್ಲಿ ಅನ್ನ, ಪಲ್ಯ, ಮೇಲೊಂದು ತಟ್ಟೆ ಮುಚ್ಚಿ ಇಡುತ್ತಿದ್ದಳು. ಬೆಳಿಗ್ಗೆ ಅದನ್ನು ಚೆಲ್ಲಲು ಹೋದ ಮೊದಲ ದಿನ ಅರ್ತಣ್ಣ ಅಡ್ಡ ಬಂದ.

"ಕೊಡು. ಡಬ್ಬಿಗೆ ಹಾಕು. ನಾನು ಮಧ್ಯಾಹ್ನಕ್ಕೆ ತಗೊಂಡು ಹೋಗ್ತೀನಿ."

ತಾರಸಿಯ ಜಗಳದ ನಂತರ ಅವನು ಅವಳಿಗೆ ಆಡಿದ ಮೊದಲ ಮಾತು ಅದು. ಅವಳು ಬಿಸಿ ಮಾಡಿ ಡಬ್ಬಿಗೆ ಹಾಕಿಕೊಟ್ಟಳು. ಅವನು ಕಟ್ಟಡದ ಕೆಲಸದ ನಡುವೆ, ಬಣ್ಣ ಬಳಿಯದ ಗೋಡೆಗೆ ಒರಗಿ, ಸತ್ತ ತಂಗಿಯ ಊಟ ಉಂಡ. ಹೀಗೆ ಐದು ವಾರ. ಕದ್ದು ತಿಂದ ಹಾಗೆ ಅನಿಸುತ್ತಿತ್ತು. ಆದರೂ ಒಂದು ಅಗುಳು ಬಿಡುತ್ತಿರಲಿಲ್ಲ. ಸಭೆಗೆ ಹೋಗುವುದನ್ನು ಬಿಟ್ಟಿದ್ದ. ಕೇಳಿದವರಿಗೆ ಕೆಲಸ ಜಾಸ್ತಿ ಎನ್ನುತ್ತಿದ್ದ.

ಅಜ್ಜಿಗೆ ಇನ್ನು ಸಭೆಯ ಮೆಟ್ಟಿಲು ಹತ್ತಲಾಗುವುದಿಲ್ಲವೆಂದು, ತಿಂಗಳ ಮೊದಲ ಭಾನುವಾರ ಆರಾಧನೆ ಮುಗಿಸಿ ಪಾಸ್ಟರು ಮನೆಗೇ ಬಂದರು. ಕೈಯಲ್ಲಿ ಒಂದು ಪುಟ್ಟ ಪೆಟ್ಟಿಗೆ. ಒಳಗೆ ಬೆರಳುದ್ದದ ಲೋಟಗಳು, ದ್ರಾಕ್ಷಾರಸದ ಶೀಶೆ, ಬಟ್ಟೆಯಲ್ಲಿ ಸುತ್ತಿದ ರೊಟ್ಟಿ. ಸೊಸೆ ಊಟದ ಟೇಬಲ್ಲನ್ನು ಒರೆಸಿ ಬಿಳಿ ಬಟ್ಟೆ ಹಾಸಿದಳು. ಅರ್ತಣ್ಣ ಹಿತ್ತಲಿಗೆ ಹೋಗುವ ಹವಣಿಕೆಯಲ್ಲಿದ್ದ. ಗುಬ್ಬಿ ಬಾಗಿಲಿಗೆ ಅಡ್ಡ ಕುರ್ಚಿ 
ಹಾಕಿಕೊಂಡು ಕೂತಳು.

ಪ್ರಾರ್ಥನೆಯಾಯಿತು. ಪಾಸ್ಟರು, "ಒಬ್ಬರಿಗೊಬ್ಬರು ಸಮಾಧಾನ ಹೇಳಿ" ಎಂದರು.

ಅರ್ತಣ್ಣನ ಎಡಕ್ಕೆ ಹೆಂಡತಿ, ಬಲಕ್ಕೆ ತಾಯಿ. ಅವನು ಟೇಬಲ್ಲಿನ ಬಟ್ಟೆಯ ಸುಕ್ಕು ಎಳೆದು ಸರಿಮಾಡಿದ. ಆಮೇಲೆ ಎಡಕ್ಕೆ ತಿರುಗಿ ಅವಳ ಕೈ ಹಿಡಿದ. ಮಾತ್ರೆ ಎಣಿಸಿ ಎಣಿಸಿ ಬೆರಳ ತುದಿ ಒರಟಾಗಿದ್ದ ಕೈ. ಅದು ಯಾವಾಗ ಹಾಗಾಯಿತೆಂದು ಅವನು ಗಮನಿಸಿರಲಿಲ್ಲ.

"ನಿನ್ನ ಮೇಲೆ ನನಗೇನೂ ಇಲ್ಲ ಕಣೇ" ಎಂದ.

ಅವಳು ತಲೆ ತಗ್ಗಿಸಿ ಅತ್ತಳು, ಸದ್ದಿಲ್ಲದೆ, ಬಹಳ ಹೊತ್ತು. ಪಾಸ್ಟರಿಗೆ ವಿಷಯ ಗೊತ್ತಿರಲಿಲ್ಲ. ಪುಣ್ಯಕ್ಕೆ ಕೇಳಲೂ ಇಲ್ಲ. ರೊಟ್ಟಿ ಮುರಿದು ತಟ್ಟೆಯಲ್ಲಿ ಹಿಡಿದರು. ಅಜ್ಜಿ ಒಂದು ತುಂಡು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಆಮೇಲೆ ಇನ್ನೊಂದಕ್ಕೆ ಕೈ ಚಾಚಿದಳು.

"ಇದು ಪುಟ್ಟಿಗೆ."

ಪಾಸ್ಟರು ಗೊಂದಲದಿಂದ ಸುತ್ತ ನೋಡಿದರು. "ಕೊಡಿ" ಎಂದಳು ಗುಬ್ಬಿ. ಅಜ್ಜಿ ಆ ತುಂಡನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡಳು. ಸೊಸೆ ತೆಗೆದುಕೊಂಡಳು, ಗುಬ್ಬಿ ತೆಗೆದುಕೊಂಡಳು. ತಟ್ಟೆ ಅರ್ತಣ್ಣನ ಮುಂದೆ ಬಂದಾಗ ಅವನು ಬೇಡವೆಂದು ಕೈ ಆಡಿಸಿದ.

ನಿನ್ನೆ ಉಂಡದ್ದು ಅಜ್ಜಿಗೆ ನೆನಪಿರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕಲಿತದ್ದು ಎಲ್ಲೂ ಹೋಗಿರಲಿಲ್ಲ. "ಯಾಕೋ ತಗೊಳ್ಳಲ್ಲ? ಯಾರ ಜೊತೆ ಜಗಳ ನಿಂದು?"

 ಸೊಸೆ ಗಂಡನ ತೋಳು ಹಿಡಿದಳು. ಐದು ವಾರ ಹಲ್ಲು ಕಚ್ಚಿ ಇಟ್ಟದ್ದನ್ನು ಈಗ ಚೆಲ್ಲುತ್ತಾನೆಯೇ ಎಂದು ಗುಬ್ಬಿಯೂ ಅವನ ಮುಖ ನೋಡಿದಳು.

"ಪುಟ್ಟಿ ಜೊತೆ" ಎಂದ ಅರ್ತಣ್ಣ.

"ಏನು ಮಾಡ್ದೆ ಅವಳಿಗೆ?"

"ಒಂದು ಕೆಲಸ ನಾಳೆ ಮಾಡ್ತೀನಿ ಅಂದಿದ್ದೆ. ಮಾಡ್ಲಿಲ್ಲ."

ಅಜ್ಜಿ ಮೂಗಿನಲ್ಲಿ ನಕ್ಕಳು. "ನಿಂದು ಯಾವತ್ತೂ ನಾಳೇನೇ. ಅದಕ್ಕೆ ಕೋಪ ಮಾಡ್ಕೊಂಡಿದ್ದಾಳಾ?"

"ಗೊತ್ತಿಲ್ಲಮ್ಮ."

"ಅವಳೇನಾದ್ರೂ ಅಂದಳಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಅವಳು ಏನೂ ಅಂದಿರಲಿಲ್ಲ. ಹದಿನೆಂಟು ವರ್ಷ ಅವನು ತಾಯಿಯ ಮೊಣಕಾಲ ಬಳಿ ಕೂತು ಕ್ಷಮೆ ಕೇಳಿದ್ದ, ಸಭೆಯ ಬೆಂಚಿನಲ್ಲಿ ಕೂತು ಕೇಳಿದ್ದ. ಪುಟ್ಟಿಯ ಹತ್ತಿರ ಒಂದು ಸಲವೂ ಕೇಳಿರಲಿಲ್ಲ, ಕೇಳುವ ಧೈರ್ಯವಾಗಿರಲಿಲ್ಲ.

"ಮತ್ತೆ? ನನ್ನ ಮಗಳು ಗೊತ್ತಿಲ್ವಾ ನನಗೆ?" ಅಜ್ಜಿ ಮುಚ್ಚಿದ ಅಂಗೈಯನ್ನು ಅವನ ಮುಂದೆ ತಂದು ಬಿಡಿಸಿದಳು. ರೊಟ್ಟಿಯ ತುಂಡು ಬೆವರಿಗೆ ಸ್ವಲ್ಪ ಮೆತ್ತಗಾಗಿತ್ತು. "ತಗೋ, ಇದು ಅವಳ ಪಾಲು. ನೀನು ತಿನ್ನು. ಅವಳೇನೂ ಅನ್ನಲ್ಲ."

ಅವನು ತೆಗೆದುಕೊಂಡ. ಇಡಿಯಾಗಿ ಬಾಯಿಗೆ ಹಾಕಿಕೊಂಡ. ಅಳುವೂ ರೊಟ್ಟಿಯೂ ಒಟ್ಟಿಗೆ ಗಂಟಲಲ್ಲಿ ಸಿಕ್ಕಿಕೊಂಡು ಕೆಮ್ಮು ಬಂತು. ಪಾಸ್ಟರು ಗಡಿಬಿಡಿಯಿಂದ ಪುಟ್ಟ ಲೋಟ ಎತ್ತಿದರು. ಅಜ್ಜಿ ಅವನ ಬೆನ್ನು ತಟ್ಟುತ್ತಾ, ಅವನು ಐದು ವರ್ಷದವನಿದ್ದಾಗ ಬೈಯುತ್ತಿದ್ದ ಸ್ವರದಲ್ಲೇ ಬೈದಳು.

"ನಿಧಾನ ತಿನ್ನೋ. ಯಾರೂ ಕಿತ್ಕೊಳಲ್ಲ."